ಬೊಚ್ಚಿಯ ತಟ್ಟೆ

ಹಲ್ಲಿಲ್ಲದ ಬೆಕ್ಕಿನ ಎದುರು ನಿಂತು ಅವಳು ನಕ್ಕುಬಿಟ್ಟಳು. ಮನಸ್ತಾಪ ಹುಟ್ಟಿದ್ದೇ ಆ ನಗುವಿನಿಂದ.

ನಕ್ಕದ್ದು ಬೆಕ್ಕನ್ನು ಕಂಡಲ್ಲ, ತನ್ನ ಹಣೆಬರಹವನ್ನು ಕಂಡು. ಬೆಳಗಿನಿಂದ ಸಂಜೆಯವರೆಗೆ ಡೆಂಟಲ್ ಲ್ಯಾಬಿನಲ್ಲಿ ಕೂತು, ಗುಲಾಬಿ ಮೇಣದಲ್ಲಿ ಒಸಡು ತಿದ್ದಿ, ಯಾರ್ಯಾರದೋ ಬಾಯಿಗೆ ಹಲ್ಲುಸೆಟ್ಟು ಮಾಡುವವಳು ಅವಳು. ರಜೆಯ ದಿನವಾದರೂ ಹಲ್ಲಿನ ಸಹವಾಸ ಬೇಡ, ಒಂದು ಬೆಕ್ಕು ಸಾಕೋಣ ಎಂದು ಪ್ರಾಣಿಗಳ ಶೆಲ್ಟರಿಗೆ ಬಂದರೆ ಅಲ್ಲಿಯೂ ಎದುರಾದದ್ದು ಬೊಚ್ಚುಬಾಯಿ. ಆದರೆ ಪಂಜರದ ಪಕ್ಕ ಮಂಡಿಯೂರಿ, ದಪ್ಪ ಚರ್ಮದ ಗ್ಲೌಸ್ ತೊಟ್ಟ ಕೈಯಲ್ಲಿ ಬೆಕ್ಕಿನ ತುಟಿ ಎತ್ತಿ ತೋರಿಸುತ್ತಿದ್ದವನಿಗೆ ಇದೆಲ್ಲ ಹೇಗೆ ತಿಳಿಯಬೇಕು?

“ನಗೋಕೇನಿದೆ ಮೇಡಂ? ಒಸಡು ಕೊಳೆತು ಸಾಯ್ತಿತ್ತು ಇದು. ಡಾಕ್ಟ್ರು ಹಲ್ಲೆಲ್ಲ ಕಿತ್ತು ಬದುಕಿಸಿದಾರೆ. ಮರಿ ಬೇಕಿದ್ರೆ ಆ ಕಡೆ ಇದಾವೆ, ಹೋಗಿ ನೋಡಿ.”

“ಮರಿ ಬೇಡ. ಇದೇ ಬೇಕು. ಹಲ್ಲು ಹೋದೋರ ಕಷ್ಟ ನಂಗೊತ್ತು. ಹಲ್ಲು ಮಾಡೋದೇ ನನ್ನ ಕಸುಬು.”

ಅವನು ತಲೆಯೆತ್ತಿದ. ಮೊದಲು ಅವಳ ಕೈ ನೋಡಿದ. ಉಗುರಿನ ಸಂದಿಯಲ್ಲಿ ಗುಲಾಬಿ ಮೇಣ ಉಳಿದಿತ್ತು. ಆಮೇಲೆ ಮುಖ ನೋಡಿದ. ಕಣ್ಣಿನ ಸಿಟ್ಟು ಇಳಿಯಿತು, ಇಳಿದದ್ದು ಅವಳಿಗೆ ಕಾಣಬಾರದೆಂಬಂತೆ ಹುಬ್ಬು ಮಾತ್ರ ಗಂಟಿಕ್ಕಿಕೊಂಡೇ ಇತ್ತು. ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಏಳು ಕೋಟೆ ದಾಟಿ ಬರುತ್ತಿದ್ದ. ಈ ಪುಣ್ಯಾತ್ಮ ಒಂದು ಹುಬ್ಬನ್ನೂ ಇಳಿಸಲಾರ ಎಂದುಕೊಂಡಳು. ಅಂದುಕೊಂಡದ್ದೇ ತಡ, ಎದೆಯೊಳಗೆ ಯಾರೋ ಮೆಲ್ಲಗೆ ಅಗುಳಿ ತೆಗೆದಂತಾಯಿತು.

ಬೀದಿಯಲ್ಲಿ ಬಿದ್ದ ಪ್ರಾಣಿಗಳನ್ನು ಹಿಡಿದು ತರುವುದು ಅವನ ಕೆಲಸ. ಫಾರ್ಮು ತುಂಬಿಸುತ್ತ ಅವನು ನಿಯಮ ಹೇಳಿದ. ಇದು ಬೀದಿಯಲ್ಲೇ ಬೆಳೆದ ಐದಾರು ವರ್ಷದ ಹೆಣ್ಣು. ಒಂದು ಮನೆಯವರು ಕೊಂಡೊಯ್ದು, ಮೂಲೆ ಬಿಟ್ಟು ಏಳುವುದಿಲ್ಲವೆಂದು ವಾರದೊಳಗೆ ತಂದು ಬಿಟ್ಟಿದ್ದರು. ಇನ್ನೊಮ್ಮೆ ವಾಪಸಾದರೆ ಮೂರನೆಯ ಮನೆ ಹುಡುಕುವುದಿಲ್ಲ. ಪಂಜರಗಳೆಲ್ಲ ತುಂಬಿವೆ, ಹಿಡಿದ ಬೀದಿಗೇ ಬಿಡುತ್ತಾರೆ. ಹಲ್ಲಿಲ್ಲದ ಬೆಕ್ಕು ಬೀದಿಯಲ್ಲಿ ಎಷ್ಟು ದಿನ ಬದುಕೀತು ಎಂದು ಅವಳು ಕೇಳಿದಳು. ಅವನು ಪೆನ್ನಿನ ಮುಚ್ಚಳ ಹಾಕುತ್ತ ಬೇರೆಲ್ಲೋ ನೋಡಿದ.

ಮನೆಯಲ್ಲಿ ಅವಳ ಜೊತೆಗಿದ್ದವರು ದೊಡ್ಡಮ್ಮ ಒಬ್ಬರೇ. ಅವಳು ಮಾಡಿಕೊಟ್ಟ ಹಲ್ಲುಸೆಟ್ಟನ್ನೇ ಹಾಕಿಕೊಂಡು ಅವಳನ್ನೇ ಬೈಯುವ ಜೀವ. ಬುಟ್ಟಿಯೊಳಗೆ ಇಣುಕಿದ ದೊಡ್ಡಮ್ಮ, ಈ ಮನೆಗೆ ಒಬ್ಬಳು ಬೊಚ್ಚಿ ಸಾಲದೆ ಹೋದಳೇ ಎಂದು ಕೇಳಿದರು. ಹೆಸರು ಅಲ್ಲೇ ಅಂಟಿಕೊಂಡಿತು.

ಬೊಚ್ಚಿ ಬುಟ್ಟಿಯಿಂದ ಹಾರಿದ್ದೇ ವಾಷಿಂಗ್ ಮೆಷಿನ್ನಿನ ಹಿಂದೆ ನುಸುಳಿ ಗೋಡೆಗಂಟಿ ಕೂತಿತು. ಯಾರೂ ಇಲ್ಲದಾಗ ಒಂದಿಷ್ಟು ನೀರು ನೆಕ್ಕಿತು. ಊಟ ಮಾತ್ರ ಮುಟ್ಟಲಿಲ್ಲ.

ಹಲ್ಲಿನ ಕೆಲಸದವಳಿಗೆ ಲೋಕದ ಕಷ್ಟವೆಲ್ಲ ಹಲ್ಲಿನದೇ. ಅಗಿಯಲಾರದೆ ಬಿಟ್ಟಿದೆ ಎಂದು ತೀರ್ಮಾನಿಸಿ, ಮೀನು ಬೇಯಿಸಿ, ಮುಳ್ಳು ತೆಗೆದು, ಲ್ಯಾಬಿನಲ್ಲಿ ಪ್ಲಾಸ್ಟರ್ ಕಲಸುವ ನಾಜೂಕಿನಿಂದ ಕಲಸಿಟ್ಟಳು. ಮರುದಿನ ಇನ್ನೂ ನುಣ್ಣಗೆ. ಅದರ ಮರುದಿನ ಬೆಣ್ಣೆಯೂ ನಾಚುವಷ್ಟು. ನೆಲಕ್ಕೆ ಕೆನ್ನೆಯೊತ್ತಿ ಮಲಗಿ, “ಬಾ, ಬಾ” ಎಂದು ಗಂಟಲು ಒಣಗುವ ತನಕ ಕರೆದಳು. ಕರೆದಷ್ಟೂ ಅದು ಒಳಕ್ಕೆ ಸರಿಯಿತು.

ಮೊದಲ ಸಂಜೆಯೇ ಅವನ ಫೋನು ಬಂತು.

“ತಿಂತಾ ಮೇಡಂ?”

“ಹೂಂ, ತಿಂತು,” ಎಂದುಬಿಟ್ಟಳು.

ತಿನ್ನಲಿಲ್ಲವೆಂದರೆ ಒಯ್ದುಬಿಡುತ್ತಾನೆ, ಒಯ್ದರೆ ಬೀದಿ. ಒಯ್ದ ಮೇಲೆ ಈ ಫೋನಾದರೂ ಯಾಕೆ ಬಂದೀತು? ಎರಡನೆಯ ಸಂಜೆ ಅರ್ಧ ತಟ್ಟೆ ಮುಗಿಸಿತು ಎಂದಳು. ಮೂರನೆಯ ಸಂಜೆ ಮಡಿಲಲ್ಲೇ ನಿದ್ದೆ ಹೋಯಿತು ಎಂದಳು. ಅವನು ನಕ್ಕ. ಆ ನಗು ಕಿವಿಯಿಂದಿಳಿದು ಅಂಗೈ ತನಕ ಬೆಚ್ಚಗೆ ಹರಿಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೇ ಎನ್ನುತ್ತಾರೆ. ಇಲ್ಲಿ ಬೆಕ್ಕು ಹಾಲನ್ನೇ ಕುಡಿಯುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡವಳು ಅವಳು.

ನಾಲ್ಕನೆಯ ಸಂಜೆ ಅವನ ದನಿ ಹಗುರವಾಗಿತ್ತು. ದೂರದ ಊರಿನ ದೊಡ್ಡ ಪ್ರಾಣಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ತಿಂಗಳಾಯಿತಂತೆ. ಈ ಬೆಕ್ಕಿಗೊಂದು ನೆಲೆಯಾಗಲಿ ಎಂದು ತಡೆದಿದ್ದನಂತೆ. “ನಿಮ್ಮ ದಯದಿಂದ ಅದೂ ಆಯ್ತು. ಶನಿವಾರ ಎರಡು ಗಂಟೆ ಬಸ್ಸಿಗೆ ಹೊರಡ್ತೀನಿ ಮೇಡಂ.”

ಅವನು ದೂರವಾಗದಿರಲೆಂದು ಹೇಳಿದ ಸುಳ್ಳೇ ಅವನ ಕೈಗೆ ಟಿಕೆಟ್ ಕೊಟ್ಟಿತ್ತು. ಅವಳು ಮೆಷಿನ್ನಿನ ಹಿಂದೆ ಬಗ್ಗಿ ನೋಡಿದಳು. ನಿನ್ನೆಯವರೆಗೆ ಇವಳನ್ನು ಕಂಡು ಹಿಸ್ಸೆನ್ನುತ್ತಿದ್ದ ಬೊಚ್ಚಿ ಇವತ್ತು ತಲೆಯನ್ನೂ ಎತ್ತಲಿಲ್ಲ. ಹೆದರಿಕೊಳ್ಳುವುದಕ್ಕೂ ಅದರಲ್ಲಿ ತ್ರಾಣ ಉಳಿದಿರಲಿಲ್ಲ.

“ತಿಂದಿಲ್ಲ,” ಎಂದಳು. ದನಿ ಅವಳದೆಂದು ಅವಳಿಗೇ ಅನಿಸಲಿಲ್ಲ. “ಒಂದು ದಿನಾನೂ ತಿಂದಿಲ್ಲ. ಎಲ್ಲಾ ಸುಳ್ಳು.”

ಫೋನು ಕಟ್ಟಾಯಿತು. ಇಪ್ಪತ್ತು ನಿಮಿಷಕ್ಕೆ ಬಂದು ಬಾಗಿಲು ಬಡಿದ.

ಅವನು ಅವಳ ಮುಖ ನೋಡಲಿಲ್ಲ. ನೆಲಕ್ಕೆ ಮಲಗಿ, ಟಾರ್ಚು ಬಿಟ್ಟು ಬೆಕ್ಕನ್ನು ನೋಡಿ, ಡಾಕ್ಟರಿಗೆ ಫೋನು ಮಾಡಿದ. ಮತ್ತೆ ಪಂಜರಕ್ಕೆ ಹಾಕಿದರೆ ದಿಗಿಲಿಗೇ ಸಾಯಬಹುದು ಎಂದರಂತೆ ಡಾಕ್ಟರು. ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ತಿನ್ನಿಸಬೇಕು, ಶನಿವಾರದೊಳಗೆ ತಾನಾಗಿ ತಿನ್ನದಿದ್ದರೆ ಶೆಲ್ಟರಿಗೆ ಒಯ್ಯಲೇಬೇಕು.

“ನಾಲ್ಕು ದಿನ ಉಪವಾಸ ಬಿದ್ರೆ ಬೆಕ್ಕಿನ ಲಿವರ್ರೇ ಹೋಗುತ್ತೆ ಮೇಡಂ. ಯಾಕೆ ಹೇಳ್ಲಿಲ್ಲ?”

“ವಾಪಸ್ ಒಯ್ತೀರಿ ಅಂತ.” ಅದು ಅರ್ಧ ನಿಜ. ಸುಳ್ಳಿನಿಂದ ಆಗುವ ಹಾನಿಯೆಲ್ಲ ಆಗಿಹೋಗಿತ್ತು. ಉಳಿದರ್ಧವನ್ನು ಬಚ್ಚಿಟ್ಟು ಯಾವ ಸುಖ? “ಆಮೇಲೆ ನಿಮ್ಮ ಫೋನ್ ಬರಲ್ಲ ಅಂತ.”

ಅಡುಗೆಮನೆಯಲ್ಲಿ ದೊಡ್ಡಮ್ಮನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅವನ ಕಿವಿಯ ತುದಿ ಕೆಂಪಾಯಿತು. ಸಿಟ್ಟೋ ಇನ್ನೇನೋ, ಅವಳಿಗೆ ಓದಲಾಗಲಿಲ್ಲ.

ಏನಾದರೂ ಮಾಡಬೇಕೆಂದು ಅವಳು ಬಗ್ಗಿ ಮತ್ತೆ “ಬಾ, ಬಾ” ಎಂದಳು. ಸತ್ತಂತೆ ಬಿದ್ದಿದ್ದ ಬೆಕ್ಕು ನಡುಗಿತು. ಅವನು ಚಟ್ಟನೆ ಅವಳ ಮುಂಗೈ ಹಿಡಿದ.

“ನಾಲ್ಕು ದಿನದಿಂದ ಹಿಂಗೇ ಕರೀತಿದ್ರಾ?”

“ಮತ್ತಿನ್ನೇನು ಅಂತ ಕರೀಲಿ?”

ಬೆಕ್ಕು ಹಿಡಿಯಲೆಂದು ತೊಟ್ಟು ಬಂದಿದ್ದ ಗ್ಲೌಸನ್ನು ಅವನು ನಿಧಾನವಾಗಿ ಬಿಚ್ಚಿದ. ಅಂಗೈ ತುಂಬ ಹಳೆಯ ಗೀರುಗಳು. “ಬಾ ಬಾ ಅಂತ ಕರೆದೇ ಇದನ್ನ ಬೋನಿಗೆ ಬೀಳಿಸಿದ್ದು ನಾನು. ಆ ಮಾತು ಕೇಳಿದ್ರೆ ಇದಕ್ಕೆ ಬೋನೇ ಕಾಣುತ್ತೆ. ಮೊದಲಿನ ಮನೆಯೋರೂ ಹಂಗೇ ಕರೆದಿರ್ತಾರೆ. ನಂಗ್ಯಾಕೆ ಹೊಳೀಲಿಲ್ವೋ.” ಆಮೇಲೆ ನೆನಪಾಗಿ ಹೇಳಿದ, ಶೆಲ್ಟರಿನಲ್ಲಿ ತಟ್ಟೆ ಹಿಡಿದು ಹೋಗುವಾಗೆಲ್ಲ ತಾನು “ಬಂದೆ, ಬಂದೆ” ಎನ್ನುತ್ತಿದ್ದೆ ಎಂದು. ಈಗಲೂ ಹಾಗೇ ಅಂದ. ಮೆಷಿನ್ನಿನ ಹಿಂದಿನ ಕತ್ತಲೆಯಲ್ಲಿ ಒಂದು ಕಿವಿ ತಿರುಗಿತು.

ಆಮೇಲಿನ ಎರಡು ದಿನ ಅವಳು ಲ್ಯಾಬಿಗೆ ರಜೆ ಹಾಕಿದಳು. ಅವನು ಕೆಲಸದ ನಡುನಡುವೆ ಓಡಿ ಬಂದ. ಬೊಚ್ಚಿಯನ್ನು ಟವಲಿನಲ್ಲಿ ಸುತ್ತಿ ಅವನು ಹಿಡಿಯಬೇಕು, ಅವಳು ಬಾಯಂಚಿಗೆ ಸಿರಿಂಜು ಇಡಬೇಕು. ಎರಡು ತಲೆ ಒಂದೇ ಬೆಕ್ಕಿನ ಮೇಲೆ ಬಾಗಿದಾಗ ಉಸಿರಿಗೆ ಜಾಗ ಎಲ್ಲಿ? ಅವಳು ಕಣ್ಣೆತ್ತಿದರೆ ಅವನು ಟವಲು ಸರಿಮಾಡುವನು. ಅವನು ಕಣ್ಣೆತ್ತಿದರೆ ಅವಳು ಸಿರಿಂಜಿನ ಗೆರೆ ಓದುವಳು. ಬೆಕ್ಕಿನ ಬಾಯಿ ಒರೆಸಿ ಒರೆಸಿ ಕೊನೆಗೆ ಮೀಸೆ ಉದುರಿಸಿಬಿಡುತ್ತೀರಿ ಎಂದು ದೊಡ್ಡಮ್ಮ ಬೈದರು. ಆ ಎರಡು ದಿನದಲ್ಲಿ ಅವಳು ನಕ್ಕದ್ದು ಅದೊಂದು ಸಲ.

ಶುಕ್ರವಾರ ಸಂಜೆ ಬೊಚ್ಚಿ ತಾನಾಗಿ ಹೊರಬಂದು ಅವನ ಬೆರಳಿನಿಂದ ನಾಲ್ಕು ಬಾರಿ ಮೀನು ನೆಕ್ಕಿತು. ಅವಳು ಕೈ ಚಾಚಿದೊಡನೆ ಒಳಗೆ ಓಡಿತು.

“ನನ್ನ ಕೈಲಿ ತಿಂದು ಏನು ಪ್ರಯೋಜನ?” ಎಂದ ಅವನು. “ನಾಳೆಯಿಂದ ನಾನಿರಲ್ಲ. ನಿಮ್ಮ ಕೈಲಿ ತಿನ್ಬೇಕು.”

ನೀವು ಇರಿ ಎನ್ನಲು ಬಾಯಿ ತೆರೆದಳು. ನಾಲ್ಕು ದಿನ ಸುಳ್ಳಾಡಿದ ನಾಲಿಗೆಗೆ ಯಾವ ಹಕ್ಕು ಎಂದು ಮುಚ್ಚಿಕೊಂಡಳು.

ಶನಿವಾರ ಒಂದು ಗಂಟೆಗೆ ಅವನು ಬಟ್ಟೆಯ ಬ್ಯಾಗಿನೊಂದಿಗೆ ಬಂದ. ಇನ್ನೊಂದು ಕೈಯಲ್ಲಿ ಬೆಕ್ಕಿನ ಬುಟ್ಟಿ. ತನ್ನ ವಾಸನೆ ಇರುವ ತನಕ ಬೊಚ್ಚಿ ಇವಳ ಬಳಿ ಬಾರದು, ಅದಕ್ಕೆ ತಾನು ಹೊರಗೆ ಮೆಟ್ಟಿಲ ಮೇಲೆ ಕೂರುತ್ತೇನೆ ಎಂದ. ಒಂದೂವರೆಗೆ ಬಾಗಿಲು ತಟ್ಟುತ್ತಾನೆ. ಅಷ್ಟರಲ್ಲಿ ತಿನ್ನದಿದ್ದರೆ ದಾರಿಯಲ್ಲಿ ಶೆಲ್ಟರಿಗೆ ಬಿಟ್ಟು ಬಸ್ಸು ಹಿಡಿಯುತ್ತಾನೆ. ದೊಡ್ಡಮ್ಮ ಆಗಲೇ ಅಂಗಡಿಗೆ ಹೋಗಿಯಾಗಿತ್ತು. ಬಾಗಿಲು ಹಾಕಿಕೊಂಡಿತು.

ಅವಳು ತಟ್ಟೆ ಪಕ್ಕಕ್ಕಿಟ್ಟು ನೆಲಕ್ಕೆ ಕೂತು, ಅಂಗೈಗೆ ಮೀನು ಬಳಿದುಕೊಂಡು, “ಬಂದೆ,” ಎಂದಳು. “ಬಂದೆ ಕಣೇ, ಬಂದೆ.”

ಏನೂ ಇಲ್ಲ. ಗೋಡೆಯ ಗಡಿಯಾರ ಒಂದು ಹತ್ತು, ಒಂದು ಇಪ್ಪತ್ತು ಎಂದು ಮುಂದೆ ಹೋಯಿತು. ಚಾಚಿದ ತೋಳು ಜೋಮು ಹಿಡಿಯಿತು. ಒಂದು ಇಪ್ಪತ್ತೆಂಟಕ್ಕೆ ಮೆಷಿನ್ನಿನ ಅಂಚಿನಲ್ಲಿ ಮೂಗು ಕಂಡಿತು. ಆಮೇಲೆ ಹರಿದ ಕಿವಿ. ಆಮೇಲೆ ಇಡೀ ಬೊಚ್ಚಿ, ಹೊಟ್ಟೆ ನೆಲಕ್ಕೆ ಹಚ್ಚಿ, ಅಂಗುಲ ಅಂಗುಲವಾಗಿ.

ಒರಟು ನಾಲಿಗೆ ಅಂಗೈಗೆ ತಾಗಿತು.

ತಿಂತಿದೆ ಎಂದು ಅವಳು ಕೂಗುವಂತಿರಲಿಲ್ಲ. ಉಸಿರು ಜೋರಾದರೂ ಅದು ಓಡುತ್ತದೆ, ಓಡಿದರೆ ಮತ್ತೆ ಬರುವುದಿಲ್ಲ. ಬಾಗಿಲು ತಟ್ಟುವ ಸದ್ದಿಗೆ ಕಣ್ಣು ಬಿಗಿದು ಕಾದಳು. ಒಂದೂವರೆ ಕಳೆಯಿತು. ಯಾರೂ ತಟ್ಟಲಿಲ್ಲ. ಒಂದೂ ಮುಕ್ಕಾಲು. ಹೇಳದೆ ಹೋಗಿಬಿಟ್ಟನೇ? ಹೋಗಲಿ, ಸುಳ್ಳಿಯ ಮನೆಯ ಬಾಗಿಲು ಯಾರು ಕಾಯುತ್ತಾರೆ? ಬೊಚ್ಚಿ ಅಂಗೈ ಮುಗಿಸಿ ತಟ್ಟೆಗೆ ಬಾಯಿಟ್ಟಿತು. ತಡೆದರೂ ತಡೆಯದೆ ಅವಳ ಗಂಟಲಿನಿಂದ ಒಂದು ಬಿಕ್ಕು ಹೊರಬಿತ್ತು, ಅದರ ಹಿಂದೆ ಇನ್ನೊಂದು. ಗಡಿಯಾರ ಎರಡು ದಾಟಿತು. ಬೆಕ್ಕು ಓಡಲಿಲ್ಲ.

ಮೆಟ್ಟಿಲ ಮೇಲೆ ದೊಡ್ಡಮ್ಮನ ಚಪ್ಪಲಿಯ ಸದ್ದು ಬಂದು ನಿಂತಿತು.

“ಏನಪ್ಪಾ, ಇಲ್ಲೇ ಕೂತಿದೀಯ? ಬಸ್ಸು?”

“ಹೋಯ್ತು ದೊಡ್ಡಮ್ಮ. ನಾನೇ ಬಿಟ್ಟೆ. ಮೆಲ್ಲಗೆ ಮಾತಾಡಿ, ಒಳಗೆ ತಿಂತಿದೆ.”

“ಬಾಗಿಲು ಹಾಕಿದೆಯಲ್ಲೋ, ನಿಂಗೆ ಹೇಗೆ ಗೊತ್ತು?”

“ಅವಳು ಅಳ್ತಿದಾಳೆ. ತಿನ್ನದಿದ್ರೆ ಇಷ್ಟೊತ್ತಿಗೆ ಬಾಗಿಲು ತೆಗೆದು ನನ್ನ ಹತ್ರ ಅಳ್ತಿದ್ಲು.”

ಅವಳು. ಮೇಡಂ ಅಲ್ಲ, ಅವರು ಅಲ್ಲ. ಮನೆಯವರನ್ನು ಮನೆಯವರು ಅನ್ನುವ ಹಾಗೆ, ಅವಳು.

“ಹಂಗಾದ್ರೆ ಆ ಬ್ಯಾಗು ಆಚೆ ಸರಿಸು,” ಎಂದರು ದೊಡ್ಡಮ್ಮ ಪಿಸುದನಿಯಲ್ಲಿ. “ನಾನೂ ಕೂತ್ಕೋಬೇಕು.”

ಅವಳು ಎದ್ದು ಬಾಗಿಲು ತೆಗೆಯಲಿಲ್ಲ. ಕೆನ್ನೆ ಒರೆಸಿಕೊಳ್ಳಲೂ ಕೈಯೆತ್ತಲಿಲ್ಲ. ತಟ್ಟೆಯಲ್ಲಿ ಇನ್ನೂ ಅರ್ಧ ಉಳಿದಿತ್ತು.