ತಲೆಯಿಲ್ಲದ ಹಾವುಗಲ್ಲು

ಕಡಲತೀರದ ವಿಟ್ಬಿ ಊರಿನ ಹಾವುಗಳಿಗೆ ತಲೆ ಇಡುವವಳು ಡೈನಾ ಸ್ಟೋರ್. ಹಿಂದೊಮ್ಮೆ ಸಂತ ಹಿಲ್ಡಾ ತಾಯಿ ಊರಿನ ಹಾವುಗಳನ್ನೆಲ್ಲ ಕಲ್ಲಾಗಿಸಿ ಬಂಡೆಯ ಮೇಲಿಂದ ತಳ್ಳಿದಳಂತೆ, ಬಿದ್ದ ಏಟಿಗೆ ತಲೆಗಳು ಹಾರಿಹೋದವಂತೆ. ಕಡಲಂಚಿನಲ್ಲಿ ಸಿಗುವ ಆ ಸುರುಳಿಗಲ್ಲುಗಳಿಗೆ ತಲೆ ಕೆತ್ತಿ ಮಾರುವುದು ಅವಳಿಗೆ ಅಪ್ಪನಿಂದ ಬಂದ ಕಸುಬು.

"ಅವು ಹಾವಲ್ಲ, ಮಿಸ್ ಸ್ಟೋರ್."

ಇದನ್ನು ಹೇಳುವುದಕ್ಕೆಂದೇ ಆಗಾಗ ಅಂಗಡಿಗೆ ಬರುತ್ತಿದ್ದವನು ಆಂಬ್ರೋಸ್ ವಿಕರ್ಸ್. ದಕ್ಷಿಣದ ಕಡೆಯವನು. ಸುತ್ತಿಗೆ ಹಿಡಿದು ದಿನವೆಲ್ಲ ಬಂಡೆಗಳಲ್ಲಿ ಹಳೇ ಜೀವಿಗಳ ಅವಶೇಷ ಹುಡುಕುತ್ತಿದ್ದ. ಕೇರಿಯವರೆಲ್ಲ ಅವನನ್ನು ಕಲ್ಲು ಸಾಹೇಬ ಎನ್ನುತ್ತಿದ್ದರು.

"ಮತ್ತೇನು ಅವು?"

"ಕಡಲಲ್ಲಿ ತೇಲ್ತಿದ್ದ ಪ್ರಾಣಿಯ ಚಿಪ್ಪು. ಲಕ್ಷಾಂತರ ವರ್ಷ ಹಳೇದು."

"ಅಯ್ಯೋ ಪಾಪ, ಅಷ್ಟು ವರ್ಷ ತಲೆ ಇಲ್ದೆ ಬಿದ್ದಿತ್ತಾ? ನಾನೊಂದು ಕೆತ್ತಿಕೊಟ್ರೆ ನಿಮಗ್ಯಾಕೆ ಹೊಟ್ಟೆಕಿಚ್ಚು?"

ಅವನು ನಕ್ಕರೆ ಮೊದಲು ಕೆಂಪಾಗುತ್ತಿದ್ದುದು ಕಿವಿ. ಆ ಕಿವಿಗಳು ಡೈನಾಗೆ ತುಂಬಾ ಇಷ್ಟ. ತಾನು ಹುಡುಕುತ್ತಿರುವುದೇನೆಂದು ಒಂದು ದಿನ ಅವಳ ಮೇಜಿನ ಕಲ್ಲುಪುಡಿಯಲ್ಲೇ ಬೆರಳಿನಿಂದ ಬರೆದು ತೋರಿಸಿದ್ದ. ಈ ಜಾತಿಯ ಚಿಪ್ಪಿನ ಬಾಯಂಚಿನಲ್ಲಿ ಕಿವಿಯಂಥ ಎರಡು ಚಾಚು ಇರುತ್ತವೆಂದು ಅವನ ವಾದ. ಸಿಕ್ಕಿದ್ದೆಲ್ಲ ಅಲ್ಲೇ ಮುರಿದದ್ದು. ಯಾರ್ಕ್ ನಗರದ ವಿದ್ವಾಂಸರು ನಕ್ಕುಬಿಟ್ಟಿದ್ದರು. ಚಳಿಗಾಲದ ಅವರ ಸಭೆಯಲ್ಲಿ ಮುರಿಯದ ಚಿಪ್ಪೊಂದನ್ನು ತೋರಿಸದಿದ್ದರೆ ಅವನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

"ನಿಮ್ಮ ಕಿವಿ ಥರಾನೇ ಇರತ್ತಾ?" ಎಂದಿದ್ದಳು ಡೈನಾ. ಅವು ಮತ್ತೆ ಕೆಂಪಾದವು.

ಒಂದು ಮಧ್ಯಾಹ್ನ ವಿಕರ್ಸ್ ಏದುಸಿರು ಬಿಡುತ್ತ ಒಳನುಗ್ಗಿದ. ಕೆಸರು ಮೆತ್ತಿದ ಸುರುಳಿಗಲ್ಲೊಂದನ್ನು ಅವಳ ಅಂಗೈಯಲ್ಲಿಟ್ಟ. ಕಣ್ಣಲ್ಲಿ ಕಣ್ಣಿಟ್ಟು ನಕ್ಕ. ಒಂದು ಮಾತೂ ಆಡದೆ ಹೊರಗೋಡಿದ.

ಬಾಗಿಲಲ್ಲಿ ಹೆರಿಂಗ್ ಮೀನು ಸೀಳುತ್ತಿದ್ದ ಕೆಜಿಯಾ ಚಿಕ್ಕಮ್ಮ ಚಾಕು ಕೆಳಗಿಟ್ಟಳು. "ಲೇ, ಏನೂ ಹೇಳ್ಲಿಲ್ವಾ?"

"ಇಲ್ಲ."

"ಹಂಗಾದ್ರೆ ಕೇಳಿದ ಅಂತಾನೇ ಅರ್ಥ ಕಣೇ!"

ಆ ಕೇರಿಯ ಪದ್ಧತಿಯೇ ಹಾಗೆ. ಮನಸ್ಸಾದ ಹುಡುಗ ತಾನೇ ಹುಡುಕಿದ ಕಲ್ಲನ್ನು ಹುಡುಗಿಯ ಕೈಗಿಟ್ಟು ತುಟಿ ಬಿಚ್ಚದೆ ಹೋಗಬೇಕು. ತಲೆ ಕೆತ್ತಿಸಿ ಮರಳಿಸಿದರೆ ಒಪ್ಪಿಗೆ, ಹಾಗೇ ಮರಳಿಸಿದರೆ ಇಲ್ಲ. ಊರ ಹುಡುಗಿಯರ ಒಪ್ಪಿಗೆಯನ್ನೆಲ್ಲ ಕೆತ್ತಿದ್ದು ಡೈನಾಳೇ. ಅವಳ ಕೈಗೆ ಮಾತ್ರ ಯಾರೂ ಕಲ್ಲಿಟ್ಟಿರಲಿಲ್ಲ. ಕೆಸರು ತೊಳೆಯುವಷ್ಟೂ ತಾಳ್ಮೆಯಿಲ್ಲದೆ ಉಳಿ ಎತ್ತಿಕೊಂಡು ಸುರುಳಿಯ ಬಾಯಂಚನ್ನು ಕೆತ್ತತೊಡಗಿದಳು. ಹಾವಿನ ತುಟಿ ತಾನಾಗಿಯೇ ನಗುವಂತೆ ಮೂಡಿತು.

ಸಂಜೆ ವಿಕರ್ಸ್ ಬಂದ. "ಉಬ್ಬರ ಏರ್ತಿತ್ತು, ಚೀಲ ಕಡಲಂಚಲ್ಲೇ ಬಿಟ್ಟಿದ್ದೆ. ಮಾತಾಡೋಕೂ ಆಗ್ಲಿಲ್ಲ. ನಿಮ್ಮ ಹತ್ರ ಜೋಪಾನವಾಗಿರತ್ತೆ ಅಂತ..." ಕಲ್ಲು ನೋಡಿದವನ ಮಾತು ನಿಂತಿತು. "ಇದರ ಕಿವಿಗಳು?"

ಡೈನಾಗೆ ಆಗ ಹೊಳೆಯಿತು. ಅವನು ಮದುವೆ ಕೇಳಿರಲೇ ಇಲ್ಲ. ತಾನು ಹೂಂ ಅಂದದ್ದಲ್ಲದೆ, ಅವನ ಶ್ರಮವನ್ನೆಲ್ಲ ಪುಡಿಮಾಡಿ ಗುಡಿಸಿಯೂ ಹಾಕಿದ್ದಳು.

"ಅವಳನ್ನ್ಯಾಕೆ ಹಂಗೆ ನೋಡ್ತೀರಿ?" ಚಿಕ್ಕಮ್ಮ ಸೊಂಟಕ್ಕೆ ಕೈಯಿಟ್ಟಳು. "ಬಾಯಿ ಮುಚ್ಕೊಂಡು ಕಲ್ಲು ಕೊಟ್ಟು ಹೋದ್ರೆ ನಮ್ಮಲ್ಲಿ ಮದುವೆ ಕೇಳಿದ ಹಂಗೆ. ತಲೆ ಇಟ್ರೆ ಹೂಂ ಅಂದ ಹಂಗೆ. ಇಷ್ಟು ಓದಿದೀರಿ, ಇದು ಗೊತ್ತಿಲ್ವಾ?"

"ಚಿಕ್ಕಮ್ಮಾ, ಸಾಕು!" ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಡೈನಾಗೆ.

ವಿಕರ್ಸ್ ಅವಳ ಮುಖವನ್ನೇ ನೋಡುತ್ತ ನಿಂತ. ಆಮೇಲೆ ಕಲ್ಲನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಆ ವಾರವೆಲ್ಲ ಬಿರುಗಾಳಿ. ಬಂಡೆ ಕುಸಿದ ಕಡೆ ಕಲ್ಲು ಸಾಹೇಬ ಒಬ್ಬನೇ ಅಗೆಯುತ್ತಿದ್ದಾನೆಂದು ದೋಣಿಯವರು ಹೇಳುತ್ತಿದ್ದರು. ಡೈನಾ ಕೇಳಿಸದವಳಂತೆ ಇದ್ದಳು. ಆದರೆ ಗಾಳಿ ಬೀಸಿದಾಗಲೆಲ್ಲ ಉಳಿ ಜಾರುತ್ತಿತ್ತು.

ಮಳೆ ಬಿಟ್ಟ ದಿನ ಅವನು ಬಂದ. ಕೆಸರಿನ ಕಲ್ಲೊಂದನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮೆಲ್ಲಗೆ ಮಡಿಸಿದ. ತುಟಿ ಬಿಗಿಹಿಡಿದು, ಕಿವಿ ಕೆಂಪಗೆ ಮಾಡಿಕೊಂಡು ಹೊರಟುಹೋದ. ಈ ಸಲ ಓಡಲಿಲ್ಲ.

ಈ ಸಲ ಡೈನಾ ಕಲ್ಲು ತೊಳೆದಳು. ಬಾಯಂಚಿನಲ್ಲಿ ಎರಡು ಪುಟ್ಟ ಕಿವಿಗಳು ಇಡಿಯಾಗಿದ್ದವು. ಅವಳು ಉಳಿಯನ್ನು ಮುಟ್ಟಲಿಲ್ಲ.

ಮರುದಿನ ತಲೆಯಿಲ್ಲದ ಕಲ್ಲು ಕೈಗೆ ಬಂದಾಗ ವಿಕರ್ಸ್‌ನ ಮುಖ ಬಿಳಿಚಿತು. "ಅರ್ಥ ಆಯ್ತು," ಎಂದು ತಿರುಗಿದ.

"ಅರ್ಥ ಆಯ್ತಂತೆ, ಮಣ್ಣು! ಇದರ ಕಿವಿ ನೋಡಿದ್ರಾ?"

"ನೋಡಿದ್ದೆ."

"ನೋಡಿಯೂ ಕೊಟ್ರಾ?"

"ನೀವು ಕೆತ್ತಿ ಅಂತಲೇ ಕೊಟ್ಟೆ."

ಡೈನಾಳ ಕಣ್ಣು ತುಂಬಿತು. "ಹುಚ್ಚಪ್ಪ, ಇದು ಯಾರ್ಕಿಗೆ. ಹೋಗಿ ಅವರ ಮೂತಿಗೆ ಹಿಡೀರಿ. ನನ್ನ ಉತ್ತರ ಅಗೋ, ಅಲ್ಲಿದೆ." ಕಿಟಕಿಯಲ್ಲಿ ಮೊದಲ ಕಲ್ಲು ನಗುತ್ತಿತ್ತು. "ಒಬ್ಬರಿಗೇ ಎಷ್ಟು ಸಲ ಹೂಂ ಅನ್ಲಿ?"

ವಿಕರ್ಸ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಈಗ ಹೇಳಿ ಸಾಹೇಬ್ರೆ," ಬಾಗಿಲಿಂದ ಕೆಜಿಯಾ ಕೆಣಕಿದಳು, "ಅದೇನು, ಹಾವೋ ಚಿಪ್ಪೋ?"

ಅವನು ಡೈನಾಳ ಮುಖದಿಂದ ಕಣ್ಣು ಕೀಳಲಿಲ್ಲ.

"ಹಾವೇ, ಚಿಕ್ಕಮ್ಮ," ಎಂದ.