ಶವರ್ ಕ್ಯಾಪ್ ತೊಟ್ಟ ಮೊಗ್ಗು

“ಅಜ್ಜ, ಛತ್ರಿ ಎಲ್ಲಿ?”

“ಡ್ಯೂಟಿಗೆ ಹೋಗಿದೆ,” ಅಂದ ಅಜ್ಜ, ಪೇಪರಿನಿಂದ ತಲೆ ಎತ್ತದೆ.

ಸಾಸಿವೆ ಅಡುಗೆಮನೆ ಕಿಟಕಿಯಿಂದ ಹಿತ್ತಲು ನೋಡಿದಳು. ನಿಜವೇ. ಅಮ್ಮನ ಕಪ್ಪು ಛತ್ರಿ, ಅಜ್ಜನ ಮರದ ಹಿಡಿಯ ಛತ್ರಿ, ಯಾವುದೋ ಔಷಧಿ ಕಂಪನಿಯವರು ಪುಕ್ಕಟೆ ಕೊಟ್ಟ ನೀಲಿ ಛತ್ರಿ, ಕಡ್ಡಿ ಮುರಿದ ಮಡಚೋ ಛತ್ರಿ, ಗೋಡೆ ಪಕ್ಕದಲ್ಲಿ ಬಾತುಕೋಳಿ ಚಿತ್ರದ ಹಳದಿ ಛತ್ರಿ. ಎಲ್ಲವನ್ನೂ ಅಜ್ಜ ಕೋಲಿಗೆ ಕಟ್ಟಿ ಮಣ್ಣಲ್ಲಿ ನೆಟ್ಟಿದ್ದ. ಒಂದೊಂದರ ಕೆಳಗೂ ಒಂದೊಂದು ಪಿಯೊನಿ ಹೂವಿನ ಗಿಡ, ಬಸ್‌ಸ್ಟಾಪಿನಲ್ಲಿ ಬಸ್ಸಿಗೆ ಕಾದವರ ಹಾಗೆ ನೆಟ್ಟಗೆ ನಿಂತಿತ್ತು.

ಬಾತುಕೋಳಿ ಛತ್ರಿ ಸಾಸಿವೆಯದು.

ಸಾಸಿವೆ ಅನ್ನೋದು ಶಾಲೆಯ ಹಾಜರಿಯಲ್ಲಿರುವ ಹೆಸರಲ್ಲ. ಆಳು ಸಣ್ಣ, ಸ್ವಲ್ಪ ಬಿಸಿ ತಾಗಿದರೆ ಚಟಪಟ ಸಿಡಿಯುತ್ತಾಳೆ. ಅದಕ್ಕೇ ಅಜ್ಜ ಇಟ್ಟ ಹೆಸರು. ಈಗಲೂ ಸಿಡಿದಳು.

“ನನ್ನ ಛತ್ರಿ ನನಗೆ ಬೇಕು.”

“ನಿನಗೆ ರೈನ್‌ಕೋಟ್ ಇದೆಯಲ್ಲ.”

“ನನಗಿದೆ. ಚಾರ್ಟಿಗೆ?”

“ಪ್ಲಾಸ್ಟಿಕ್ ಸುತ್ತು.”

“ಹೋದ ವಾರ ಸುತ್ತಿದ್ದೆ. ಕವರಿನ ತಳದಲ್ಲಿ ತೂತಿತ್ತು.”

ಹೋದ ವಾರದ್ದು ದೊಡ್ಡ ಕತೆ. ಚಾರ್ಟಿನ ವಿಷಯ ಜಲಚಕ್ರ. ಬಿಸಿಲಿಗೆ ನೀರು ಆವಿಯಾಗಿ, ಮೋಡವಾಗಿ, ಮಳೆಯಾಗಿ ಮತ್ತೆ ಕೆಳಗೆ ಬರೋದು. ಶಾಲೆ ಮುಟ್ಟುವಷ್ಟರಲ್ಲಿ ಮೋಡ ಸಮುದ್ರಕ್ಕೆ ಇಳಿದಿತ್ತು, ಸೂರ್ಯ ಬಾಣದ ಗುರುತುಗಳ ಮೇಲೆಲ್ಲ ಹರಿದುಹೋಗಿದ್ದ. ಟೀಚರ್ ಅದನ್ನ ಎರಡು ಬೆರಳಲ್ಲಿ ಎತ್ತಿ ಹಿಡಿದು, “ಚಿತ್ರದ ಜೊತೆ ಪ್ರಯೋಗಾನೂ ಮಾಡ್ಕೊಂಡು ಬಂದಿದ್ದೀಯ. ತುಂಬ ಸಂತೋಷ. ಇನ್ನೊಂದು ಬರಿ,” ಅಂದಿದ್ದರು.

“ನೋಡು ಸಾಸಿವೆ,” ಅಜ್ಜ ಪೇಪರು ಮಡಚಿದ. “ನೀನು ಒದ್ದೆಯಾದರೆ ಒಣಗ್ತೀಯ. ಚಾರ್ಟ್ ಒದ್ದೆಯಾದರೆ ಇನ್ನೊಂದು ಬರೀತೀಯ. ಹೂವು ಒದ್ದೆಯಾದರೆ ಕತೆ ಮುಗೀತು.”

ಅಷ್ಟು ಹೇಳಿ ಗಡ್ಡ ಹೆರೆಯೋಕೆ ಹೋದ. ಅವತ್ತು ಅವನಿಗೆ ಕಣ್ಣಾಸ್ಪತ್ರೆಗೆ ಹೋಗೋದಿತ್ತು. ಜೀವಮಾನವೆಲ್ಲ ಬಸ್ಸು ಓಡಿಸಿದವನು ಅಜ್ಜ. ಈಗ ಹಾರ್ನ್ ಮಾಡಲು ಯಾರೂ ಸಿಗದೆ ಮನೆಯವರಿಗೇ ಮಾಡುತ್ತಿದ್ದ.

ಆ ಊರಿನ ಮಳೆಗೆ ಮನೆಗೆ ಹೋಗುವ ಅಭ್ಯಾಸವೇ ಇರಲಿಲ್ಲ. ಬೇಲಿಗೆ ಪಾಚಿ, ಮೆಟ್ಟಿಲಿಗೆ ಪಾಚಿ. ಹೆಚ್ಚು ಹೊತ್ತು ಸುಮ್ಮನೆ ನಿಂತರೆ ಮನುಷ್ಯರಿಗೂ ಪಾಚಿ ಹಿಡಿಯಬಹುದು. ಹಿತ್ತಲಲ್ಲಿ ಮನುಷ್ಯರಿಗಿಂತ ಬಸವನಹುಳುಗಳ ಓಡಾಟವೇ ಜಾಸ್ತಿ. ವಸಂತ ಮುಗಿಯುವ ಹೊತ್ತಿಗೆ ಪಿಯೊನಿಗಳು ಅರಳುತ್ತವೆ. ಒಂದೊಂದು ಹೂವೂ ಊಟದ ಬಟ್ಟಲಷ್ಟು ದೊಡ್ಡದು, ಎಸಳ ಮೇಲೆ ಎಸಳು. ಆ ಎರಡು ಮೂರು ವಾರವನ್ನೇ ಹೊಂಚಿ ಮಳೆ ಜೋರಾಗುತ್ತದೆ. ಎಸಳುಗಳ ನಡುವೆ ನೀರು ತುಂಬಿ, ಭಾರ ತಾಳದೆ ಹೂವಿನ ಕತ್ತು ಮುರಿಯುತ್ತದೆ. ಅದಕ್ಕೇ ಛತ್ರಿಗಳು. ಬಿಸಿಲೂರಲ್ಲಿ ಬೆಳೆಯಬೇಕಾದ ಗಿಡವನ್ನ ಇಲ್ಲಿ ಯಾಕೆ ಬೆಳೆಸಬೇಕು ಅಂತ ಅಮ್ಮ ಒಮ್ಮೆ ಕೇಳಿದ್ದಳು. ಅಜ್ಜ ಆಮೇಲೆ ಎರಡು ಗಿಡ ಹೆಚ್ಚಿಗೆ ತಂದ.

ಸಾಸಿವೆ ರೈನ್‌ಕೋಟ್ ಹಾಕಿಕೊಂಡು ಹಿತ್ತಲಿಗೆ ಹೋದಳು. ದೊಡ್ಡ ಕೆಂಪು ಹೂಗಳ ಮೇಲಿನ ಛತ್ರಿ ಮುಟ್ಟುವಷ್ಟು ಕೆಟ್ಟವಳಲ್ಲ ಅವಳು. ಬಾತುಕೋಳಿ ಛತ್ರಿ ಅವಳದೇ. ಅದರ ಕೆಳಗಿದ್ದದ್ದೂ ಅಂಥ ದೊಡ್ಡ ಗಿಡವೇನಲ್ಲ. ಅಜ್ಜ ಅದನ್ನ ‘ಹೊಸಬ’ ಅನ್ನುತ್ತಿದ್ದ. ಇಷ್ಟು ವರ್ಷ ಬರೀ ಎಲೆ ಬಿಟ್ಟುಕೊಂಡು ಕೂತಿದ್ದ ಗಿಡ, ಈ ಸಲ ಒಂದೇ ಒಂದು ಮೊಗ್ಗು ಬಿಟ್ಟಿತ್ತು. ನಿಂಬೆಹಣ್ಣಿನಷ್ಟು ಗಾತ್ರ, ಮೇಲೆಲ್ಲ ಹಸಿರು ಹೊದಿಕೆ, ಒಳಗೆ ಯಾವ ಬಣ್ಣವೋ ಯಾರಿಗೂ ಗೊತ್ತಿಲ್ಲ.

ಛತ್ರಿಯನ್ನೇನೋ ಕೋಲಿನಿಂದ ಬಿಚ್ಚಿಕೊಂಡಳು. ಹಾಗಂತ ಮೊಗ್ಗನ್ನ ಬರೀ ತಲೆಯಲ್ಲಿ ಬಿಟ್ಟುಹೋಗುವುದು ಸರಿಯಲ್ಲ. ಸಾಸಿವೆ ಬಚ್ಚಲಿಗೆ ಓಡಿ ಅಮ್ಮನ ಶವರ್ ಕ್ಯಾಪ್ ತಂದಳು. ಅದನ್ನ ಮೊಗ್ಗಿಗೆ ತೊಡಿಸಿ, ಒಂದು ಹನಿಯೂ ಒಳಗೆ ಹೋಗದ ಹಾಗೆ ತನ್ನ ಕೂದಲಿನ ರಬ್ಬರ್ ಬ್ಯಾಂಡನ್ನ ದಂಟಿಗೆ ಸುತ್ತಿದಳು. ಮೊಗ್ಗು ಸ್ನಾನಕ್ಕೆ ಹೊರಟ ಅತ್ತೆಯ ಹಾಗೆ ಕಂಡಿತು. ಇಂಥ ಸುಲಭದ ಉಪಾಯ ಇಷ್ಟು ವರ್ಷ ದೊಡ್ಡವರ ತಲೆಗೆ ಹೊಳೆದಿರಲಿಲ್ಲವಲ್ಲ ಅಂತ ಅವಳಿಗೆ ಕನಿಕರವಾಯಿತು.

ಚಾರ್ಟ್ ಒಣಗಿದ್ದ ಹಾಗೇ ಶಾಲೆ ಮುಟ್ಟಿತು. ಸಾಸಿವೆ ಕ್ಲಾಸಿನ ಮುಂದೆ ನಿಂತು, ಬಿಸಿಲಿಗೆ ನೀರು ಹೇಗೆ ಆವಿಯಾಗುತ್ತದೆ, ಆವಿ ಎಲ್ಲಿಗೆ ಹೋಗುತ್ತದೆ, ಎಲ್ಲಾ ವಿವರಿಸಿದಳು. ಟೀಚರ್ “ಗುಡ್” ಅಂದರು.

ಆಮೇಲೆ ಯಾರೂ ನಿರೀಕ್ಷಿಸದ ಸಂಗತಿ ನಡೆಯಿತು. ಬಿಸಿಲು ಬಂತು.

ಅಂಥಿಂಥ ಬಿಸಿಲಲ್ಲ. ಮೈದಾನದಿಂದ ಹೊಗೆ ಏಳುವಂಥ ಬಿಸಿಲು. ಹೆಡ್‌ಮಿಸ್ಟ್ರೆಸ್ ಹೊರಗೆ ಬಂದು, ಇವನು ಪರ್ಮಿಷನ್ ತಗೊಂಡು ಬಂದಿದ್ದಾನಾ ಅನ್ನುವಂತೆ ಸೂರ್ಯನನ್ನ ನೋಡಿದರು. ಮಧ್ಯಾಹ್ನವೆಲ್ಲ ಮಕ್ಕಳಿಗೆ ಆಟ. ಸಾಸಿವೆ ಬಾತುಕೋಳಿ ಛತ್ರಿಯನ್ನ ಕತ್ತಿ ಮಾಡಿಕೊಂಡು ಯುದ್ಧ ಮಾಡಿದಳು. ಮೊಗ್ಗಿನ ನೆನಪು ಬರಲೇ ಇಲ್ಲ.

ಸಂಜೆ ಹಿತ್ತಲ ಬಾಗಿಲಿಂದ ಒಳಗೆ ಬಂದಾಗ ಅಜ್ಜ ಮಗುಚಿದ ಬಕೆಟ್ ಮೇಲೆ ಕೂತಿದ್ದ. ಕೈಯಲ್ಲಿ ಶವರ್ ಕ್ಯಾಪ್. ಒಳಗಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಎದುರಿಗೆ ಹೊಸಬ. ಮೊಗ್ಗು ಚಹಾದಲ್ಲಿ ನೆನೆದ ಬಿಸ್ಕತ್ತಿನ ಹಾಗೆ ಕಂದಾಗಿ, ಮೆತ್ತಗಾಗಿ, ಒಂದು ಕಡೆ ವಾಲಿತ್ತು.

ಸಾಸಿವೆ ಛತ್ರಿಯನ್ನ ಬೆನ್ನ ಹಿಂದೆ ಹಿಡಿದಳು. ಈಗ ಶುರುವಾಗುತ್ತೆ ಅಂತ ಕಾದಳು. ‘ಬಂದ್ರಾ ವಿಜ್ಞಾನಿಗಳು’ ಅಂತಲೋ, ‘ಮೊಗ್ಗು ಬೇಯ್ಸೋಕೆ ಎಷ್ಟು ಉಪ್ಪು ಹಾಕ್ಬೇಕಮ್ಮ’ ಅಂತಲೋ.

“ಬಂದೆಯಾ ಪುಟ್ಟ?” ಅಂದ ಅಜ್ಜ. “ಚಾರ್ಟ್ ಒದ್ದೆಯಾಗಲಿಲ್ಲ ತಾನೆ?”

“ಇಲ್ಲ.”

“ಒಳ್ಳೇದಾಯ್ತು. ಹೋಗು, ಕೈಕಾಲು ತೊಳ್ಕೊಂಡು ಹಾಲು ಕುಡಿ.”

ಸಾಸಿವೆ ಹೆದರಿದ್ದು ಆಗ. ಆ ಮನೆಯಲ್ಲಿ ನಯವಾದ ಮಾತನ್ನ ಒಳ್ಳೆ ಕಪ್-ಬಸಿಗಳ ಹಾಗೆ ಹೊರಗಿನವರಿಗೆ ಅಂತಲೇ ಎತ್ತಿಟ್ಟಿದ್ದರು. ಮನೆಯವರಿಗೆ ಬರೀ ಕುಟುಕು. ಅಜ್ಜ ಅವಳನ್ನ ‘ಪುಟ್ಟ’ ಅಂದದ್ದು ಅವಳಿಗೆ ನೆನಪೇ ಇರಲಿಲ್ಲ.

“ಅಜ್ಜ, ಬೈದುಬಿಡು.”

“ಯಾಕೆ ಬೈಯಲಿ? ಬಿಸಿಲು ಬರುತ್ತೆ ಅಂತ ನಿನಗೇನು ಗೊತ್ತು? ಆವಿ ಹೊರಗೆ ಹೋಗದೆ ಒಳಗೇ ನೀರಾಗಿ, ಕಾದು, ಬೆಂದಿದೆ. ಹೋಗು, ಹಾಲು ಆರುತ್ತೆ.”

ಹಾಲು ಆರಿತು. ಸಾಸಿವೆ ಕುಡಿಯಲಿಲ್ಲ. ಬೇಲಿ ಸಂದಿಯಿಂದ ತೂರಿ ಪಕ್ಕದ ಮನೆಗೆ ಹೋದಳು.

ಅಲ್ಲಿ ಹಲ್ಲಿನ ಡಾಕ್ಟರು ಮುಂದಿನ ಕೋಣೆಯನ್ನೇ ಕ್ಲಿನಿಕ್ ಮಾಡಿಕೊಂಡಿದ್ದರು. ಕೊನೆಯ ಪೇಷೆಂಟು ಕೆನ್ನೆ ಹಿಡಿದುಕೊಂಡು ಹೊರಬೀಳುತ್ತಿದ್ದ. ಡಾಕ್ಟರು ಚಿಮಟ, ಕನ್ನಡಿ ಎಲ್ಲ ಟ್ರೇಯಲ್ಲಿ ಜೋಡಿಸುತ್ತಿದ್ದರು.

“ಏನಮ್ಮ, ಹಲ್ಲುನೋವಾ? ಇಲ್ಲ, ನಿಮ್ಮಜ್ಜನ ನಾಲಗೆ ಕೀಳಿಸೋಕೆ ಬಂದೆಯಾ? ಅದಕ್ಕೆ ಫೀಸು ತಗೊಳ್ಳಲ್ಲ ನಾನು.”

“ಆಂಟಿ, ಹುಳುಕಾಗಿದ್ದನ್ನ ನೀವು ರಿಪೇರಿ ಮಾಡ್ತೀರಲ್ಲ?”

“ಹಲ್ಲಾದರೆ.”

“ಮೊಗ್ಗಾದರೆ?”

ಸಾಸಿವೆ ಛತ್ರಿಯಿಂದ ಶವರ್ ಕ್ಯಾಪಿನವರೆಗೆ ಎಲ್ಲ ಹೇಳಿದಳು. ಡಾಕ್ಟರು ಮೊದಲು ನಗು ತಡೆದುಕೊಂಡು ಕೇಳಿದರು. ಆಮೇಲೆ ತಡೆದುಕೊಳ್ಳಲು ನಗುವೇ ಇರಲಿಲ್ಲ.

“ಯಾವ ಗಿಡ? ಗೋಡೆ ಪಕ್ಕದ್ದಾ?”

“ಹೂಂ. ಹೊಸಬ.”

“ಅಯ್ಯೋ ಪೆದ್ದೀ. ಅದು ನಿನ್ನ ಗಿಡ ಕಣೆ.”

“ನನ್ನದಾ?”

“ನಿನಗಾಗ ನಾಲ್ಕು ವರ್ಷ ಇರಬೇಕು. ನಿಮ್ಮಜ್ಜ ಒಣಗಿದ ಕಾಯಿಂದ ಬೀಜ ಬಿಡಿಸ್ತಾ ಕೂತಿದ್ರು. ಕಪ್ಪಗೆ ಮಿರಮಿರ ಅಂತಿದ್ವು. ನೀನು ಒಂದು ಹಿಡಿ ಬಾಚಿ ಗೋಡೆ ಪಕ್ಕ ಹೂತೆ. ಅದರ ಜೊತೆ ಅವರ ಕೋಟಿನ ಬಟನ್ನೂ. ಎರಡಕ್ಕೂ ನೀರು ಹಾಕು ಅಂತ ಅತ್ತು ರಂಪ ಮಾಡಿದೆ. ಆ ಮನುಷ್ಯ ವರ್ಷಾನುಗಟ್ಟಲೆ ಹಾಕಿದರು. ಬಟನ್ ಮೊಳೀಲಿಲ್ಲ. ಬೀಜದಲ್ಲಿ ಒಂದು ಬಂತು. ಬೀಜದಿಂದ ಬಂದದ್ದಕ್ಕೆ ಯಾವ ಬಣ್ಣ ಅಂತ ಮೊದಲೇ ಗೊತ್ತಾಗಲ್ಲ ನೋಡು. ಬಿಳಿ ಅಂತ ನಾನು, ಕೆಂಪು ಅಂತ ಅವರು, ಮೂರು ವರ್ಷದಿಂದ ಬೇಲಿ ಮೇಲೆ ಜಗಳ ಆಡ್ತಿದ್ದೀವಿ.”

ಬಾತುಕೋಳಿ ಛತ್ರಿ ಬೇರೆಲ್ಲೂ ಇಲ್ಲದೆ ಆ ಗಿಡದ ಮೇಲೇ ಯಾಕಿತ್ತು ಅಂತ ಸಾಸಿವೆ ಈಗ ಯಾರನ್ನೂ ಕೇಳಬೇಕಿರಲಿಲ್ಲ.

ಡಾಕ್ಟರು ಅವಳ ಮುಖ ನೋಡಿದರು. ಟ್ರೇಯಿಂದ ಸಣ್ಣ ಚಿಮಟ ಎತ್ತಿಕೊಂಡು, “ನಡಿ, ಹೋಮ್ ವಿಸಿಟ್,” ಅಂದರು.

ಅಜ್ಜ ಇನ್ನೂ ಬಕೆಟ್ ಮೇಲೇ ಇದ್ದ.

“ಏಳಿ ಡ್ರೈವರ್ ಸಾಹೇಬ್ರೇ,” ಅಂದರು ಡಾಕ್ಟರು. “ಪೇಷೆಂಟ್ ಸೀಟಲ್ಲಿ ನೀವೇ ಕೂತರೆ ನಾನು ಎಲ್ಲಿ ಕೂರಲಿ?”

“ಡಾಕ್ಟ್ರೇ, ಸತ್ತ ಮೇಲೆ ಬರೋದು ನಿಮ್ಮ ಪದ್ಧತಿಯಾ?”

“ನಿಮ್ಮ ಬಸ್ಸಿನಷ್ಟು ಲೇಟಾಗಿ ನಾನು ಯಾವತ್ತೂ ಬಂದಿಲ್ಲ.”

ಅಜ್ಜ ಎದ್ದ. ಮೊಗ್ಗನ್ನ ದಂಟಿನ ಸಮೇತ ಕತ್ತರಿಸಲು ಅವನಿಗೆ ಮನಸ್ಸು ಬರಲಿಲ್ಲ. ಹಾಗಾಗಿ ಸಾಸಿವೆ ಅದನ್ನ ಅಂಗೈಯಲ್ಲಿ ಹಿಡಿದು ನಿಂತಳು, ಡಾಕ್ಟರು ಚಿಮಟದಿಂದ ಒಂದೊಂದೇ ಎಸಳು ಬಿಡಿಸಿದರು. ಮೇಲಿನವು ಲೊಳಲೊಳ ಅಂತ ಕೈಗೆ ಅಂಟಿದವು. ಕೆಟ್ಟ ವಾಸನೆ.

“ಬಾಯಿ ಅಗಲಿಸಿ,” ಅಂದರು ಡಾಕ್ಟರು ಮೊಗ್ಗಿಗೆ, ಅಭ್ಯಾಸಬಲದಿಂದ.

ಇನ್ನೊಂದು ಪದರ. ಅದೂ ಕಂದು. ಮತ್ತೊಂದು. ಅಂಚು ಮಾತ್ರ ಕಂದು. ನಡುವಿನಲ್ಲಿ, ಉಗುರಿನಷ್ಟು ಚಿಕ್ಕದಾಗಿ ಮಡಚಿಕೊಂಡಿದ್ದ ಎಸಳುಗಳಿಗೆ ಬಿಸಿ ತಟ್ಟಿರಲಿಲ್ಲ. ಡಾಕ್ಟರು ಮೂರನ್ನ ಬಿಡಿಸಿ, ಅಜ್ಜ ಅಡುಗೆಮನೆಯಿಂದ ತಂದ ಬಿಳಿ ಬಸಿಯ ಮೇಲೆ ಇಟ್ಟರು.

ಬಿಳಿಯಲ್ಲ. ಕೆಂಪೂ ಅಲ್ಲ.

“ಒಸಡಿನ ಬಣ್ಣ,” ಅಂದರು ಡಾಕ್ಟರು. “ಒಳ್ಳೆ ಗಟ್ಟಿಮುಟ್ಟಾದ ಒಸಡು.”

“ಹೂವು ನೋಡಿ ಒಸಡು ಅಂತಾರೆ,” ಅಂದ ಅಜ್ಜ. “ಇದು ಮೊದಲು ಅರ್ಧ ಟಿಕೆಟ್ ಕೊಡ್ತಿದ್ವಲ್ಲ, ಮಕ್ಕಳದು, ಆ ಬಣ್ಣ. ಬುಡದಲ್ಲಿ ಸ್ವಲ್ಪ ಹಳದಿ ಇದೆ ನೋಡಿ.”

“ಕಣ್ಣಾಸ್ಪತ್ರೆಯವರು ನಿಮಗೇನೂ ಮಾಡ್ಲಿಲ್ವಾ ಇವತ್ತು?”

ಇಬ್ಬರೂ ವಾದ ಮಾಡುತ್ತಾ ಬೇಲಿಯವರೆಗೂ ಹೋದರು. ಸಾಸಿವೆ ಬಸಿ ಹಿಡಿದುಕೊಂಡು ಉಳಿದಳು. ಅವಳಿಗೆ ಆ ಬಣ್ಣದ ಹೆಸರು ಗೊತ್ತಾಗಲಿಲ್ಲ. ಬಸಿಯನ್ನ ಆಚೆ ಈಚೆ ವಾಲಿಸಿ ತುಂಬ ಹೊತ್ತು ನೋಡಿದಳು.

ಅಜ್ಜ ವಾಪಸು ಬಂದಾಗ ಕೇಳಿದಳು, “ನನ್ನ ಗಿಡ ಅಂತ ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆ. ನಾಲ್ಕು ವರ್ಷದವಳಿದ್ದಾಗ. ನೀನು ದಿನಾ ಅಗೆದು ನೋಡ್ತಿದ್ದೆ, ಬೇರು ಬಂತಾ ಅಂತ. ಆಮೇಲೆ ನಾನು ಹೇಳೋದು ಬಿಟ್ಟೆ.”

“ಇವತ್ತು ಸಂಜೆ? ಆಗ ಹೇಳಬಹುದಿತ್ತಲ್ಲ.”

ಅಜ್ಜ ಬಕೆಟ್ ಎತ್ತಿ ಗೋಡೆಗೆ ಒರಗಿಸಿದ. ಅದು ಸರಿಯಾಗಿಯೇ ನಿಂತಿತ್ತು. ಆದರೂ ಇನ್ನೊಂದು ಸಲ ಸರಿಮಾಡಿದ.

ಸಾಸಿವೆ ಎರಡನೇ ಸಲ ಕೇಳಲಿಲ್ಲ.

ಅಮ್ಮ ಲೈಬ್ರರಿ ಕೆಲಸ ಮುಗಿಸಿ ಬಂದಾಗ ಊಟದ ಮೇಜಿನ ಮೇಲೆ ಬಸಿ ಇತ್ತು. ಬ್ಯಾಗು ಇಳಿಸುತ್ತಲೇ, “ಇದೇನಪ್ಪಾ, ಒಳ್ಳೆ ಬಸೀಲಿ ಕಸ?” ಅಂದಳು.

“ಗೋಡೆ ಪಕ್ಕದ ಮೊಗ್ಗು,” ಅಂದ ಅಜ್ಜ. “ಹಾಳಾಯ್ತು.”

“ಅಯ್ಯೋ. ಹೇಗೆ?”

ಅಜ್ಜ ಸಾಸಿವೆಯ ಕಡೆ ನೋಡಲಿಲ್ಲ. ಚಮಚಗಳನ್ನ ಜೋಡಿಸುತ್ತಾ ಹೇಳಿದ, “ಇವತ್ತು ಬಿಸಿಲು ಜಾಸ್ತಿಯಾಯ್ತು ನೋಡು. ತಡೀಲಿಲ್ಲ.”

“ಬಿಸಿಲು ಒಂದೇ ಅಲ್ಲ ಅಮ್ಮ,” ಅಂದಳು ಸಾಸಿವೆ. ದನಿ ಅವಳಂದುಕೊಂಡದ್ದಕ್ಕಿಂತ ಸಣ್ಣಗೆ ಬಂತು. “ಛತ್ರಿ ತೆಗೆದವಳು ನಾನು. ಅದರ ಬದಲು ನಿನ್ನ ಶವರ್ ಕ್ಯಾಪ್ ಹಾಕಿ ಬಿಗಿಯಾಗಿ ಕಟ್ಟಿದೆ. ಅಜ್ಜನಿಗೆ ಹೇಳದೆ.”

ಅಮ್ಮ ಬಸಿಯನ್ನ ಹತ್ತಿರಕ್ಕೆ ಎಳೆದು ನೋಡಿದಳು.

“ನನ್ನ ಶವರ್ ಕ್ಯಾಪಾ?” ಅಂದಳು ಅಮ್ಮ. “ಚುಕ್ಕಿ ಚುಕ್ಕಿದು? ಹೊಸಾದು?”

ಅಜ್ಜನ ಭುಜ ಅಲುಗಿತು. ಕೆಮ್ಮಿನ ಹಾಗೆ ಶುರುವಾದದ್ದು ಕೆಮ್ಮಾಗಿ ಉಳಿಯಲಿಲ್ಲ. ಕಣ್ಣು ಒರೆಸಿಕೊಂಡು ಅವನು ಸಾಸಿವೆಯ ಕಡೆ ತಿರುಗಿದ.

“ಮೇಡಂ, ನಾಳೆ ಏನು ಪ್ರೋಗ್ರಾಮು? ಬಸವನಹುಳುಗಳಿಗೆ ಹೆಲ್ಮೆಟ್ಟಾ? ಎರೆಹುಳುಗಳಿಗೆ ಸಾಕ್ಸಾ? ಮೊದಲೇ ಹೇಳಿಬಿಡಿ, ಅಳತೆ ತಗೊಂಡಿಡ್ತೀನಿ.”

ಸಾಸಿವೆ ತನ್ನ ಕುರ್ಚಿಯನ್ನ ಅಜ್ಜನ ಪಕ್ಕಕ್ಕೆ ಎಳೆದುಕೊಂಡು ಕೂತಳು. ತಟ್ಟೆ ಮುಂದಕ್ಕೆ ಸರಿಸಿಕೊಂಡು, ಇನ್ನೇನು ಅನ್ನುತ್ತಾನೋ ಅಂತ ಕಾದಳು.