ಹೋಯ್ತು ಎಂಬ ಮಾತು

ರೋಹಿಣಿ ಮಳೆಯ ಮೂರನೆಯ ದಿನ ಮಧ್ಯಾಹ್ನ, ಹೊಳೆಸಂಗಾಪುರದ ಅಂಚಿನಲ್ಲಿದ್ದ ಸುಳಿಗ್ರಾಹಿ ನಡುಗಿತು. ಆಳೆತ್ತರದ ಕಬ್ಬಿಣದ ಕಂಬ ಅದು. ಸುಂಟರಗಾಳಿ ಹುಟ್ಟುವಾಗ ಮನುಷ್ಯರ ಕಿವಿಗೆ ನಿಲುಕದ ಒಂದು ಮಂದ್ರಧ್ವನಿ ಏಳುತ್ತದೆ. ಕಂಬ ಅದನ್ನು ಹದಿನೈದು ನಿಮಿಷ ಮೊದಲೇ ಕೇಳಿಸಿಕೊಂಡು ಸೈರನ್ ಕೂಗಿಸುತ್ತಿತ್ತು. ಜನ ಕಾಳು ತುಂಬಿಡುವ ಹಗೇವಿನಂತೆ ನೆಲದಲ್ಲಿ ತೋಡಿದ ಆಸರೆಗಳಿಗೆ ಇಳಿದರು.

ಗಾಳಿ ಮೇಲೆರಗಿದಾಗ ಮಾತ್ರ ಅದರ ಆರ್ಭಟಕ್ಕೆ ಕಂಬವೇ ಕಿವುಡಾಗುತ್ತಿತ್ತು. ಅದಕ್ಕೇ ಪ್ರತಿ ಆಸರೆಯಲ್ಲೂ ಒಂದು ಕೇಳುಪೆಟ್ಟಿಗೆ ಇಟ್ಟಿದ್ದರು. ಇಣುಕುಕಿಂಡಿಯ ಬಳಿ ಕೂತವರು ‘ಹೋಯ್ತು’ ಎಂದರೆ ಊರಿನ ಎಲ್ಲ ಆಸರೆಗಳ ಬೀಗ ಬಿಡುತ್ತಿತ್ತು. ಅಂದು ಆ ಮಾತು ಕೇಳಿಬಂತು. ಬಾಗಿಲುಗಳು ತೆರೆದವು. ಎರಡನೆಯ ಆಸರೆಯಿಂದ ಹೊರಬಂದ ಇಬ್ಬರು ಗಾಳಿಗೆ ಸಿಕ್ಕಿ ಸತ್ತರು.

ವರ್ಷ ಮುಗಿದ ಮೇಲೆ ಅದರ ವರದಿ ಸಿದ್ಧಪಡಿಸುವ ಕೆಲಸ ಸುಂಟರಗಾಳಿ ಕೇಂದ್ರದ ದಾಖಲೆಗಾರ್ತಿ ನೀಲಗಂಗಾಳದು. ಸಂಜೆ ಕಾಲೇಜಿನಲ್ಲಿ ಕನ್ನಡ ಓದಿದವಳೆಂದು ಸುಳಿಗ್ರಾಹಿ ಯಾವ ಮಾತಿಗೆ ಯಾವ ಅರ್ಥ ಹಿಡಿಯಬೇಕೆಂಬ ಪದಪಟ್ಟಿಯನ್ನೂ ಅವಳಿಂದಲೇ ಬರೆಸಿದ್ದರು. ಒಟ್ಟು ಹದಿನೇಳು ಸುಂಟರಗಾಳಿಗಳು: ಅಶ್ವಿನಿಯಲ್ಲಿ ಎರಡು, ಭರಣಿಯಲ್ಲಿ ಐದು, ಕೃತ್ತಿಕೆಯಲ್ಲಿ ಮೂರು, ರೋಹಿಣಿಯಲ್ಲಿ ಆರು. ಬಯಲಿನ ಬಿಸಿ ಒಣಗಾಳಿಗೆ ಕಡಲಿನ ತೇವದ ಗಾಳಿ ಅಡಿಯಿಂದ ನುಗ್ಗುವ ಕಾಲವದು. ಮುಂಗಾರು ನೆಲೆ ನಿಂತ ಮೇಲೆ ಒಂದೂ ಇಲ್ಲ. ಸ್ವಾತಿಯಲ್ಲಿ ಮತ್ತೊಂದು.

ಆ ಇಬ್ಬರ ಸಾವಿನ ಕಾರಣದ ಜಾಗದಲ್ಲಿ ‘ಅವಸರಪಟ್ಟು ಹೊರಬಂದದ್ದು’ ಎಂದಿತ್ತು. ನೀಲಗಂಗಾಳಿಗೆ ಸಮಾಧಾನವಾಗಲಿಲ್ಲ. ಆ ದಿನದ ಧ್ವನಿಮುದ್ರಣ ಹಾಕಿದಳು. ಮೊದಲನೆಯ ಆಸರೆಯಿಂದ ಒಬ್ಬ ಹೆಂಗಸಿನ ದನಿ: “ಹೋತು, ಯವ್ವಾ, ಎಲ್ಲಾ ಹೋತು.” ಅದರ ಹಿಂದೆ ತಗಡುಗಳು ಕಿತ್ತು ಹಾರುವ ಸದ್ದು.

ಹೆಂಗಸು ಹೇಳಿದ್ದು ಗಾಳಿಯ ಮಾತನ್ನಲ್ಲ, ಮನೆಯ ಮಾತನ್ನು.

ಅದೇ ಪಟ್ಟಿಯೊಡನೆ ಇನ್ನೂ ನಲವತ್ತು ಊರುಗಳಲ್ಲಿ ಕಂಬ ನೆಡಬೇಕಿತ್ತು. ಈ ಸಲದ ಭರಣಿಗೆ ಮೂರೇ ವಾರ ಉಳಿದಿತ್ತು. ತಾನೇ ತಪ್ಪು ತಿಳಿದಿದ್ದರೆ, ತಿಳಿದವರ ಮುಂದೆ ನಗೆಪಾಟಲಾದರೆ ಎಂದು ಎರಡು ದಿನ ಒದ್ದಾಡಿ, ಮೂರನೆಯ ದಿನ ವಿಜ್ಞಾನಿ ಸುಹಾಸಿನಿ ದೇಸಾಯಿಯವರ ಕೋಣೆಗೆ ಹೋದಳು.

“ಮೇಡಂ, ಹೋಯ್ತು ಅನ್ನೋದಕ್ಕ ನಾ ಒಂದ ಅರ್ಥ ಬರದೀನ್ರಿ. ನಮ್ಮ ಕಡಿ ಮನಿ ಬಿದ್ದರೂ ಹೋತು, ಜೀವ ಹೋದರೂ ಹೋತು.”

ದೇಸಾಯಿಯವರು ಮುದ್ರಣವನ್ನು ಎರಡು ಸಲ ಕೇಳಿದರು. ಪಟ್ಟಿಯನ್ನು ತೆಗೆದು, ಅದರ ಕೆಳಗೆ ತಾವೂ ಹಾಕಿದ್ದ ಸಹಿಯನ್ನು ನೋಡಿದರು. ಆಮೇಲೆ, ಗಾಳಿ ದಾಟಿದ್ದಕ್ಕೆ ಮಾತ್ರ ಆಡುವ ಬೇರೆ ಪದ ಹುಡುಕಿ ತರಲು ಹೇಳಿದರು.

ಹೊಳೆಸಂಗಾಪುರದಲ್ಲಿ ಆ ದನಿಯ ಒಡತಿ ಚಂದಮ್ಮ ಹೊಸ ಗೋಡೆಗೆ ಮಣ್ಣು ಮೆತ್ತುತ್ತಿದ್ದಳು. ಸತ್ತವರಲ್ಲಿ ಒಬ್ಬಳು ಅವಳ ನೆಗೆಣ್ಣಿ, ಮೈದುನನ ಹೆಂಡತಿ. ನೀಲಗಂಗಾ ತೊದಲುತ್ತ ನಡೆದದ್ದನ್ನೆಲ್ಲ ಹೇಳಿದಳು.

“ಆ ಮಷೀನಿಗಿ ಕನ್ನಡ ಕಲಿಸಿದಾಕಿ ನೀನೇನು?”

“ಹೌದ್ರಿ.”

“ಮತ್ತ ಅದರದೇನು ತಪ್ಪು.” ಚಂದಮ್ಮ ಕೈಯ ಮಣ್ಣು ಕೆರೆದುಕೊಂಡಳು. “ಅಂದ್ರ, ನನ್ನ ಮಾತಿಗೇ ಬಾಗಲ ತೆಗೀತು.”

“ನಿಮ್ಮ ಮಾತಿಗಲ್ಲರಿ. ನಾ ಬರದ ಅರ್ಥಕ್ಕ.”

ಚಂದಮ್ಮ ಅವಳನ್ನು ಹೋಗೆನ್ನಲಿಲ್ಲ. ಒಂದು ಚೆರಿಗೆ ನೀರು ತಂದಿಟ್ಟಳು. ಗಾಳಿ ದಾಟಿದ ಮೇಲೆ ಏನನ್ನುತ್ತೀರಿ ಎಂದು ನೀಲಗಂಗಾ ಕೊನೆಗೂ ಕೇಳಿದಳು.

“ಏನಂತೀವಿ? ಗಾಳಿ ಇರೂತನಕ ಅಳತೀವಿ, ದೇವರನ್ನ ಕರೀತೀವಿ. ಅದು ಹೋದಮ್ಯಾಲ ಯಾರೂ ಏನೂ ಅನ್ನಂಗಿಲ್ಲವ್ವಾ. ಸುಮ್ಮನ ಕುಂದರತೀವಿ.”

ಪದಪಟ್ಟಿ ರದ್ದಾಯಿತು. ಪ್ರತಿ ಆಸರೆಗೂ ಅದರದೇ ಸೈರನ್ ಇಟ್ಟು ಹೊಸ ನಿಯಮ ಬರೆದರು. ಗಾಳಿಯ ಸದ್ದಡಗಿ, ಒಳಗಿನವರೂ ಐದು ನಿಮಿಷ ಸುಮ್ಮನಿದ್ದರೆ ಆ ಆಸರೆಯ ಸೈರನ್ ನಿಂತು ಬಾಗಿಲು ಬಿಡಬೇಕು. ಒಂದರ ಮೌನಕ್ಕೆ ಇನ್ನೊಂದು ತೆರೆಯಬಾರದು. ಎಲ್ಲರೂ ಸತ್ತರೂ ಮೌನವೇ ಅಲ್ಲವೇ ಎಂಬ ಅನುಮಾನ ನೀಲಗಂಗಾಳನ್ನು ಬಿಡಲಿಲ್ಲ. ಅದನ್ನೂ ಬರೆದು ಕೊಟ್ಟಳು.

ಭರಣಿಯಲ್ಲಿ ಗಾಳಿ ಬಂತು, ದಾಟಿತು. ಹೊಸದಾಗಿ ಕಂಬ ನೆಟ್ಟ ಊರೊಂದರಲ್ಲಿ ನಾಲ್ಕನೆಯ ಆಸರೆಯ ಸೈರನ್ ಮಾತ್ರ ನಿಲ್ಲಲಿಲ್ಲ. ಯಂತ್ರ ಕೆಟ್ಟಿದೆಯೆಂದು ಕೇಂದ್ರದಲ್ಲಿ ಅದನ್ನು ಆರಿಸಲು ಹೊರಟಿದ್ದರು. ನೀಲಗಂಗಾ ತಡೆದು, ಆ ಆಸರೆಯ ಕೇಳುಪೆಟ್ಟಿಗೆಯಿಂದ ಬರುವ ದನಿಗೆ ಕಿವಿಗೊಟ್ಟಳು. ಸಣ್ಣಗೆ ಅಳು ಕೇಳಿಸಿತು, ಒಂದಲ್ಲ, ಮೂರು ದನಿ. ಬುಡಮೇಲಾದ ಬೇವಿನ ಮರ ಆಸರೆಯ ಬಾಯಿಗೆ ಅಡ್ಡ ಬಿದ್ದಿತ್ತು.

ಅವಳು ಫೋನು ಮಾಡುವಷ್ಟರಲ್ಲಿ ಊರವರು ಹಗ್ಗ, ಕೊಡಲಿ ಹಿಡಿದು ಅಲ್ಲಿಗೆ ಬಂದಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. ಸೈರನ್ನಿನ ಕೂಗು ಕೇಳಿದರೆ ಓಡಿಹೋಗಿ ಅಡಗಬೇಕೆಂದು ಕೇಂದ್ರ ಕಲಿಸಿದ್ದ ಜನ, ಅಂದು ಕೂಗುತ್ತಿದ್ದ ಕಡೆಗೇ ನಡೆದಿದ್ದರು.